ಕೆಳಗಿಳಿಯುವ ಚುಕ್ಕಿಗಳು

"ಈ ನೂರಾ ಹನ್ನೆರಡು ಫಾರ್ಮ್ ಮೇಲೆ 'ಸುಳ್ಳು' ಅಂತ ಗುರುತು ಹಾಕಿರೋ ಪುಣ್ಯಾತ್ಮರು ಯಾರು?"

ಆರನೇ ಮಹಡಿಯ ಆ ಆಫೀಸಿನಲ್ಲಿ ಯಾರೂ ದನಿ ಎತ್ತಿ ಮಾತಾಡುವ ರೂಢಿ ಇರಲಿಲ್ಲ. ಹದಿನೆಂಟು ಜನ ಕೀಬೋರ್ಡ್ ಬಿಟ್ಟು ಒಟ್ಟಿಗೆ ತಲೆ ಎತ್ತಿದರು. ಬಾಗಿಲಲ್ಲಿ ನಿಂತಿದ್ದವನ ಎರಡೂ ಕಿವಿಗಳ ಮೇಲೆ ಒಂದೊಂದು ಪೆನ್ನು. ಕಂಕುಳಲ್ಲಿ ದಾರ ಬಿಗಿದ ಕಾಗದದ ಕಟ್ಟು. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಬಂದ ಏದುಸಿರು.

ಅವಳು ಎದ್ದು ನಿಂತಳು. "ನಾನೇ. ಯಾಕೆ?"

ಬೈಯುವುದಕ್ಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅವನ ಬಾಯಲ್ಲೇ ಕಲಸಿಹೋಯಿತು. ಕನ್ನಡಕದ ಯಾರೋ ಮುದಿ ಸಿಡುಕನನ್ನು ಅವನು ನಿರೀಕ್ಷಿಸಿದ್ದ. ಎದುರಿಗಿದ್ದವಳು ಮೂವತ್ತು ದಾಟಿದ, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ, ನಿದ್ದೆಗೆಟ್ಟ ಕಣ್ಣಿನ ಹೆಣ್ಣು.

"ನಾಲ್ಕು ತಿಂಗಳು ಮನೆಮನೆ ತಿರುಗಿದ್ದೀನಿ ಮೇಡಂ," ಎಂದ, ತುಸು ತಗ್ಗಿದ ದನಿಯಲ್ಲಿ. "ಮನೇಲಿ ಕೂತು ನಾನೇ ತುಂಬಿದ್ದೀನಿ ಅಂತೀರಾ?"

"ಹನ್ನೊಂದನೇ ಪ್ರಶ್ನೆ ನೋಡಿ. ಸೈರನ್ ಕೂಗಿದ ಕೂಡಲೇ ಮೊದಲು ಎಲ್ಲಿಗೆ ಹೋಗ್ತೀರಿ? ಉತ್ತರ, ಗುಡ್ಡದ ಮೇಲಿನ ಶಾಲೆಗೆ ಅಂತಿರ್ಬೇಕು. ಇವರೆಲ್ಲ ನದಿ ಕಡೆ ಹೋಗ್ತೀವಿ ಅಂದಿದ್ದಾರೆ. ನೀರು ಬರೋ ಕಡೆಗೇ ಯಾರಾದ್ರೂ ಓಡ್ತಾರಾ?"

"ನಿಮ್ಮ ಮನೇಲಿ ಯಾರ್ಯಾರಿದ್ದಾರೆ?"

"ಅಕ್ಕ ಇದ್ದಾಳೆ. ಯಾಕೆ?"

"ಅಕ್ಕ ನದಿ ಪಕ್ಕ ಇದ್ರೆ, ನೀವು ಗುಡ್ಡ ಹತ್ತಿಬಿಡ್ತೀರಾ?"

ಅವಳು ಕೂದಲಿನ ಪೆನ್ಸಿಲ್ ತೆಗೆದು, ಮತ್ತೆ ಸಿಕ್ಕಿಸಿಕೊಂಡಳು.

"ನಾಳೆ ನನ್ನ ಜೊತೆ ಬನ್ನಿ," ಎಂದ ಅವನು. "ಒಂದೇ ಒಂದು ಫಾರ್ಮ್ ಸುಳ್ಳು ಅಂತ ತೋರಿಸಿ. ಎಲ್ಲಾನೂ ನಿಮ್ಮೆದುರಿಗೇ ಹರಿದು ಹಾಕ್ತೀನಿ."

ಅವಳ ಕೆಲಸ ಕಂಪ್ಯೂಟರಿನೊಳಗೆ ಒಂದು ಊರು ಕಟ್ಟುವುದು. ಆ ಊರಿನಲ್ಲಿ ನಲವತ್ತೆರಡು ಸಾವಿರ ಜನ. ಒಬ್ಬೊಬ್ಬರಿಗೂ ವಯಸ್ಸು, ಮನೆ, ಕೆಲಸ, ನೆಂಟಸ್ತಿಕೆ. ಯಾವ ಹೊತ್ತಿನಲ್ಲಿ ಯಾರು ಏನು ನಿರ್ಧಾರ ಮಾಡುತ್ತಾರೆ ಎಂಬುದನ್ನು ಅವರ ತಲೆಯೊಳಗೆ ಬರೆಯುವವಳು ಅವಳು. ನಗರದ ವಿಪತ್ತು ನಿರ್ವಹಣಾ ಕಚೇರಿಗೆ ಬೇಕಿದ್ದುದು ಒಂದೇ ಒಂದು ಉತ್ತರ: ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ, ನದಿಯ ಅಂಚಿನ ಕೆಳ ಬಡಾವಣೆ ಖಾಲಿಯಾಗಲು ಎಷ್ಟು ಹೊತ್ತು ಬೇಕು? ನೀರು ತಲುಪುವುದಕ್ಕೆ ಅಷ್ಟು ಹೊತ್ತು ಮುಂಚೆ ಸೈರನ್ ಕೂಗುತ್ತದೆ. ಅವಳ ಲೆಕ್ಕ ನಾಲ್ಕು ಗಂಟೆ ಎನ್ನುತ್ತಿತ್ತು. ನಿಜವಾದ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ಕೇಳಿ ಬರಲು ನೇಮಿಸಿದ್ದ ಸರ್ವೇಯವನು ಅವನು.

ಮಾರನೇ ದಿನ ಅವಳು ಹೋದಳು, ಅವನನ್ನು ಸೋಲಿಸಲೆಂದೇ.

ಮೊದಲ ಬಾಗಿಲು ತೆರೆದವನು ಪಂಪು ರಿಪೇರಿ ಮಾಡುವವನು. ಪ್ರಶ್ನೆ ಕೇಳಿ ತಲೆ ಕೆರೆದುಕೊಂಡ. "ನನ್ನ ಹೆಂಡತಿ ಕೆಲಸ ಮಾಡೋ ನದಿ ಪಕ್ಕದ ಫ್ಯಾಕ್ಟರಿಗೆ ಓಡ್ತೀನಮ್ಮ. ಎರಡು ತಿಂಗಳಿಂದ ನಾವು ಮಾತಾಡ್ತಿಲ್ಲ, ಅದು ಬೇರೆ ವಿಷಯ. ಬೈಯೋಕಾದ್ರೂ ಒಬ್ಬಳು ಬೇಕಲ್ಲ!"

ಇನ್ನೊಂದು ಮನೆಯ ಹುಡುಗಿ ಮೂರನೇ ಮಹಡಿಯತ್ತ ಬೆರಳು ತೋರಿಸಿದಳು. ಅಲ್ಲಿ ಗಡಿಯಾರ ರಿಪೇರಿಯ ತಾತ ಒಬ್ಬರೇ ಇದ್ದರು, ಕಿವಿ ಪೂರ್ತಿ ಮಂದ. "ಅವರಿಗೆ ಸೈರನ್ ಎಲ್ಲಿ ಕೇಳುತ್ತೆ? ಹತ್ತಿ ಹೋಗಿ ಭುಜ ಅಲ್ಲಾಡಿಸ್ಬೇಕು."

ಹದಿನೇಳನೇ ಮನೆಯ ಹೊತ್ತಿಗೆ ಅವಳು ನೋಟ್‌ಬುಕ್ಕು ಮುಚ್ಚಿದಳು. ಅವನು ಗೆದ್ದವನ ಹಾಗೆ ನಗಲಿಲ್ಲ. ಓರೆಗಣ್ಣಿನಿಂದ ಒಮ್ಮೆ ನೋಡಿ, ಕಿವಿಯ ಪೆನ್ನು ತೆಗೆದು ಕೊಟ್ಟ. "ನಿಮ್ಮದು ಇಂಕು ಮುಗಿದು ಆಗಲೇ ಅರ್ಧ ಗಂಟೆ ಆಯ್ತು. ಸುಮ್ಮನೆ ಕೆರೀತಾ ಇದ್ರಿ."

ಅವಳ ಮುಖ ಕಿವಿಯವರೆಗೂ ಕೆಂಪೇರಿತು.

ಬೀದಿಯ ಕೊನೆಗೆ ಅವನ ದೊಡ್ಡಮ್ಮನ ಹೊಲಿಗೆ ಅಂಗಡಿ. ಅವನನ್ನು ಸಾಕಿದವಳು ಅವಳೇ. ಮಂಡಿ ಸವೆದು ಹತ್ತು ಹೆಜ್ಜೆ ನಡೆಯುವುದೂ ಕಷ್ಟ. ಬಾಯಿಗೆ ಮಾತ್ರ ಆ ತೊಂದರೆ ಇರಲಿಲ್ಲ.

"ಇವಳೇನಾ ನಿನ್ನ ಫಾರ್ಮ್ ಕೆಡಿಸಿದವಳು?"

"ಹೂಂ."

"ಮುಖ ನೋಡಿದ್ರೆ ಹಾಗೆ ಕಾಣಲ್ಲ. ಇಲ್ಲಿ ಬಾರಮ್ಮ, ತೋಳಿನ ಹೊಲಿಗೆ ಬಿಚ್ಚಿದೆ. ಅಲ್ಲಾಡಬೇಡ, ಸೂಜಿ ಚುಚ್ಚುತ್ತೆ."

ಹೊಲಿಗೆ ಮುಗಿಯುವವರೆಗೂ ಅವಳು ಬೊಂಬೆಯ ಹಾಗೆ ಕೂತಿದ್ದಳು. ಅವನು ಬೀದಿ ನೋಡುವ ನೆಪದಲ್ಲಿ ಬಾಗಿಲ ಗಾಜಿನಲ್ಲಿ ಅವಳನ್ನೇ ನೋಡುತ್ತಿದ್ದ. ಗಾಜಿನಲ್ಲೇ ಅವಳಿಗೆ ಸಿಕ್ಕಿಬಿದ್ದ.

"ದೊಡ್ಡಮ್ಮ, ಸೈರನ್ ಕೂಗಿದ್ರೆ ನೀವೆಲ್ಲಿಗೆ ಹೋಗ್ತೀರಾ?" ಎಂದು ಕೇಳಿದಳು ಅವಳು.

"ಎಲ್ಲಿಗೂ ಇಲ್ಲ. ಇವನು ಬರೋ ತನಕ ಇಲ್ಲೇ ಕೂತಿರ್ತೀನಿ. ಇವನು ಬಂದೇ ಬರ್ತಾನೆ."

ಅಲ್ಲಿಂದ ಏಳು ವಾರ ಅವನು ವಾರಕ್ಕೆ ಮೂರು ದಿನ ಆಫೀಸಿಗೆ ಬಂದ. ಅವಳ ಪಕ್ಕ ಕುರ್ಚಿ ಎಳೆದುಕೊಂಡು ಒಂದೊಂದೇ ಫಾರ್ಮ್ ಓದಿ ಹೇಳುವುದು, ಅವಳು ಅದನ್ನು ಕೋಡ್‌ಗೆ ಇಳಿಸುವುದು. ಬಂದ ಕೂಡಲೇ ಅವನ ಮೊದಲ ಮಾತು ಯಾವಾಗಲೂ ಒಂದೇ.

"ಏನ್ ದೇವ್ರೇ, ಇವತ್ತು ಎಷ್ಟು ಜನನ್ನ ಹುಟ್ಟಿಸಿದ್ರಿ?"

"ಯಾರೂ ಇಲ್ಲ. ಹುಟ್ಟಿದವರಿಗೇ ಬುದ್ಧಿ ಕಲಿಸ್ತಿದ್ದೀನಿ."

"ಬುದ್ಧಿನಾ? ಬೇಡಿ, ಮೊದಲು ಸ್ವಲ್ಪ ದಡ್ಡತನ ಕೊಡಿ. ಆಗ ನಿಜವಾದ ಜನ ಆಗ್ತಾರೆ."

ಅವಳು ಹೊಸ ನಿಯಮ ಬರೆದಳು: ಪ್ರತಿಯೊಬ್ಬರೂ ಗುಡ್ಡ ಹತ್ತುವ ಮೊದಲು ತನ್ನವರನ್ನು ಹುಡುಕಬೇಕು. ಪರದೆಯ ಮೇಲೆ ನೀಲಿ ಚುಕ್ಕಿಗಳು ಗುಡ್ಡದ ಕಡೆ ಹೊರಟವು. ನೂರಾರು ಚುಕ್ಕಿಗಳು ಎದುರು ದಿಕ್ಕಿಗೆ, ನದಿಯ ಕಡೆಗೆ ಇಳಿಯತೊಡಗಿದವು. ಅವನು ಒಂದರ ಮೇಲೆ ಬೆರಳಿಟ್ಟ.

"ಇವನು ಯಾಕೆ ಕೆಳಗೆ ಹೋಗ್ತಿದ್ದಾನೆ?"

"ಹೆಂಡತಿ ಕೆಳಗಿದ್ದಾಳೆ."

"ಸಿಕ್ಕಿದ ಮೇಲೆ ಮಾತಾಡ್ತಾರಾ?"

"ಅದಕ್ಕೆ ನಾನು ಕೋಡ್ ಬರೆದಿಲ್ಲ."

"ಬರೀರಿ ದೇವ್ರೇ. ಪಾಪ."

ನಗುತ್ತ ತಿರುಗಿದಾಗ ಅವನ ಮುಖ ತೀರ ಹತ್ತಿರವಿತ್ತು. ಅವನು ಹಿಂದೆ ಸರಿಯಲಿಲ್ಲ, ಅವಳೂ ಸರಿಯಲಿಲ್ಲ. ಅಷ್ಟರಲ್ಲಿ ಪರದೆಯಲ್ಲಿ ಲೆಕ್ಕ ಮುಗಿದು ಅಂಕಿ ಮೂಡಿತು. ಏಳು ಗಂಟೆ ಹತ್ತು ನಿಮಿಷ.

ಇಬ್ಬರ ನಗುವೂ ಒಟ್ಟಿಗೆ ಆರಿತು.

"ನಾಲ್ಕಲ್ಲ," ಎಂದಳು ಅವಳು ಮೆಲ್ಲಗೆ. "ಏಳು."

"ಒಳ್ಳೇದಾಯ್ತು ಬಿಡಿ, ಈಗಲಾದ್ರೂ ಗೊತ್ತಾಯ್ತಲ್ಲ," ಎಂದು ಅವನು ಎದ್ದ. ಹೊರಡುವಾಗ ಒಂದು ಗಳಿಗೆ ಅವಳ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತ. "ಇದು ಮುಗೀಲಿ. ಆಮೇಲೆ ನಿಮ್ಮ ಹತ್ರ ಬೇರೆ ಒಂದು ವಿಷಯ ಮಾತಾಡ್ಬೇಕು."

ಆ ಬೇರೆ ವಿಷಯ ಏನೆಂದು ಯೋಚಿಸುತ್ತ ಅವಳು ಮೂರು ದಿನ ನೆಲಕ್ಕೆ ಕಾಲು ತಾಗದ ಹಾಗೆ ಓಡಾಡಿದಳು. ನಾಲ್ಕನೇ ದಿನ ಮ್ಯಾನೇಜರ್ ಕರೆದರು.

"ಏಳು ಗಂಟೆ ಆಗಲ್ಲಮ್ಮ. ಅಷ್ಟು ಮುಂಚೆ ನೀರು ಬರುತ್ತೋ ಇಲ್ವೋ ಯಾರಿಗೂ ಖಾತ್ರಿ ಇರಲ್ಲ. ಹತ್ತು ಸಲ ಸೈರನ್ ಕೂಗಿಸಿ ಎಂಟು ಸಲ ನೀರು ಬರದಿದ್ರೆ ಊರೆಲ್ಲ ನಗುತ್ತೆ. ಕಚೇರಿಯವರು ಇದನ್ನ ಒಪ್ಪೋದೇ ಇಲ್ಲ. ಶುಕ್ರವಾರ ಹಳೇ ಲೆಕ್ಕದ ವರದಿನೇ ಕೊಡ್ಬೇಕು."

"ಆದ್ರೆ ಸರ್, ಆ ಫಾರ್ಮ್‌ಗಳು..."

"ಅವನ್ನ ಸುಳ್ಳು ಅಂತ ಗುರುತು ಹಾಕಿದವಳು ನೀನೇ ಅಲ್ವಾ? ಆ ಗುರುತು ಹಾಗೇ ಇರ್ಲಿ. ಈ ಪ್ರೋಗ್ರಾಂನ ಮುಂದಿನ ವರ್ಷನ್‌ನಲ್ಲಿ ಸೇರಿಸೋಣ. ಇಲ್ಲಿ ಹದಿನೆಂಟು ಜನರ ಕೆಲಸ ಇದೆ, ನೆನಪಿರ್ಲಿ."

ಅವಳು ಆಗುವುದಿಲ್ಲ ಎನ್ನಬಹುದಿತ್ತು. ಎದ್ದು ಹೊರಗೆ ಬರಬಹುದಿತ್ತು. ಎರಡೂ ಮಾಡಲಿಲ್ಲ. ಮುಂದಿನ ವರ್ಷನ್ ಬೇಗ ಬರುತ್ತದೆ, ಆ ನದಿ ಇಪ್ಪತ್ತು ವರ್ಷದಿಂದ ಉಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ವರದಿಯ ಕೊನೆಗೆ ಸಹಿ ಹಾಕಿದಳು.

ಕೆಳ ಬಡಾವಣೆಯ ಗೋಡೆಗಳ ಮೇಲೆ ಹಳದಿ ಪೋಸ್ಟರ್ ಬಂತು: ಸೈರನ್ ಕೂಗಿದ ಮೇಲೆ ನಿಮಗೆ ನಾಲ್ಕು ಗಂಟೆ ಸಮಯವಿದೆ. ಅವನು ಒಂದನ್ನು ಕಿತ್ತು ತಂದು ಅವಳ ಮೇಜಿನ ಮೇಲಿಟ್ಟ. ಈ ಸಲ ದನಿ ಎತ್ತಲಿಲ್ಲ.

"ಇದು ಪ್ರಿಂಟಿನ ತಪ್ಪು ಅಂತ ಹೇಳಿ, ಸಾಕು."

ಅವಳು ತಲೆ ತಗ್ಗಿಸಿದಳು. "ಮುಂದಿನ ವರ್ಷನ್‌ನಲ್ಲಿ ಸರಿ ಮಾಡ್ತಾರೆ..."

"ಜನಕ್ಕೆ ಮುಂದಿನ ವರ್ಷನ್ ಇರಲ್ಲ ಮೇಡಂ." ದೇವ್ರೇ ಎನ್ನಲಿಲ್ಲ. "ನೀವು ಆ ಮನೆಗಳ ಒಳಗೆ ಹೋಗಿದ್ರಿ. ಗೊತ್ತಿಲ್ಲದವರು ಮಾಡಿದ್ರೆ ನಾನು ಜಗಳ ಆಡ್ತಿದ್ದೆ. ನಿಮ್ಮ ಹತ್ರ ಏನಂತ ಆಡ್ಲಿ?"

ಅವನು ಹೋದ. ಮೆಟ್ಟಿಲ ಮೇಲೆ ಇಳಿಯುತ್ತ ಹೋದ ಹೆಜ್ಜೆಗಳನ್ನು ಅವಳು ನೆಲಮಹಡಿಯವರೆಗೂ ಎಣಿಸಿದಳು.

ಆಮೇಲಿನ ನಲವತ್ತು ದಿನ ಅವಳು ಬದುಕಿದ್ದಳು, ಅಷ್ಟೇ. ಫೋನ್ ಮಾಡಿದರೆ ಅವನು ಎತ್ತುತ್ತಿರಲಿಲ್ಲ. ಮೆಸೇಜಿನ ಪಕ್ಕ ಓದಿದ ಗುರುತು ಬೀಳುತ್ತಿತ್ತು, ಉತ್ತರ ಮಾತ್ರ ಇಲ್ಲ. ಓದುತ್ತಾನಲ್ಲ ಎಂಬ ಅಷ್ಟೇ ಆಸೆಗೆ ದಿನವೂ ಬರೆದಳು. "ಇವತ್ತು ಕಚೇರಿಗೆ ಪತ್ರ ಬರೆದೆ." "ಇವತ್ತು ಮತ್ತೆ ಬರೆದೆ." ಮೂರು ಪತ್ರ ಬರೆದಳು, ಏಳು ಗಂಟೆಯ ಲೆಕ್ಕವನ್ನೂ ಜೊತೆಗಿಟ್ಟು. ಕಚೇರಿಯವರು ಮೂರನ್ನೂ ಮ್ಯಾನೇಜರಿಗೆ ಕಳಿಸಿದರು. ಇನ್ನೊಂದು ಪತ್ರ ಹೋದರೆ ನಾಳೆಯಿಂದ ಬರುವುದು ಬೇಡ ಎಂದರು ಅವರು.

"ಊಟ ಬಿಟ್ರೆ ಅವನು ಬರ್ತಾನಾ?" ಎಂದು ಅಕ್ಕ ತಟ್ಟೆ ಮುಂದೆ ಸರಿಸಿದಳು.

"ಅವನು ಬರೋದಲ್ಲ ಅಕ್ಕ. ಅವನು ಹೇಳಿದ್ದೆಲ್ಲ ನಿಜ. ಅದಕ್ಕೇ ನುಂಗೋಕಾಗ್ತಿಲ್ಲ."

ನಲವತ್ತೊಂದನೇ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಸೈರನ್ ಕೂಗಿತು.

ನದಿಯ ಮೇಲ್ಭಾಗದಲ್ಲಿ ಎರಡು ದಿನದಿಂದ ಮಳೆ ಸುರಿದಿತ್ತು. ಅಣೆಕಟ್ಟೆಯ ಬಾಗಿಲು ತೆರೆಯದೆ ವಿಧಿಯಿರಲಿಲ್ಲ. ನೀರು ಮೂರು ಗಂಟೆಗೆ ತಲುಪುತ್ತದೆ ಎಂದು ಸ್ಪೀಕರ್ ಹೇಳುತ್ತಿತ್ತು. ಆಫೀಸಿನವರೆಲ್ಲ ಕಿಟಕಿಗೆ ಮುಗಿಬಿದ್ದರು. ಅವಳು ಆಗಲೇ ಮೆಟ್ಟಿಲಿನಲ್ಲಿದ್ದಳು. ಅಕ್ಕ ಗುಡ್ಡದ ಆಚೆ ಕೆಲಸದಲ್ಲಿದ್ದಳು. ಅವನಿಗೆ ಫೋನ್ ಮಾಡಿದರೆ ಲೈನೇ ಸಿಗಲಿಲ್ಲ.

ಜನ ಮೇಲೆ ಬರುತ್ತಿದ್ದರು, ಅವಳು ಕೆಳಗೆ ಇಳಿಯುತ್ತಿದ್ದಳು. ಅವಳೊಬ್ಬಳೇ ಅಲ್ಲ. ಎಡಕ್ಕೆ ಬಲಕ್ಕೆ ಎಷ್ಟೋ ಜನ ಹೆಸರು ಕೂಗುತ್ತ ಇಳಿಯುತ್ತಿದ್ದರು. ಓಣಿ ಕಿರಿದಾದಲ್ಲಿ ಏರುವವರೂ ಇಳಿಯುವವರೂ ಸಿಕ್ಕಿಕೊಂಡು ಯಾರೂ ಅಲ್ಲಾಡದಾದರು. ಹತ್ತು ನಿಮಿಷದ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಇದನ್ನು ಪರದೆಯ ಮೇಲೆ ನೋಡಿಯೂ ಸಹಿ ಹಾಕಿದ ಕೈ ಇದೇ ಎಂದು ಅವಳಿಗೆ ತನ್ನ ಕೈ ನೋಡಲೂ ಹೇಸಿಗೆಯಾಯಿತು.

ದೊಡ್ಡಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

"ಅವನೆಲ್ಲಿ?"

"ಮನೆಮನೆಗೂ ಹೋಗಿ ಎಬ್ಬಿಸ್ತಿದ್ದಾನೆ. ಒಂದು ಗಂಟೇಲಿ ಬರ್ತೀನಿ ಅಂದ, ಇನ್ನೂ ಇಲ್ಲ. ನೀನು ಹೋಗಮ್ಮ, ನಾನು ಬರಲ್ಲ. ಅವನು ನನ್ನ ಹುಡುಕ್ಕೊಂಡು ಇಲ್ಲಿಗೇ ಬರ್ತಾನೆ."

ಅದೇ ಅವಳ ಭಯವಾಗಿತ್ತು. ಅವನು ಬಂದೇ ಬರುತ್ತಾನೆ, ಎಷ್ಟೇ ನೀರಿದ್ದರೂ.

ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸು ಮೇಜಿನ ಮೇಲಿತ್ತು. ಅಂಗೈ ಅಗಲದ ಬಿಳಿ ಸೀಮೆಸುಣ್ಣದ ಬಿಲ್ಲೆ. ಎತ್ತಿಕೊಂಡು ಹೊರಗೆ ಓಡಿ ಶಟರ್ ಅರ್ಧಕ್ಕೆ ಎಳೆದಳು. ಕೈಗೆಟಕುವಷ್ಟು ಎತ್ತರದಲ್ಲಿ, ಬೀದಿಯ ಆ ತುದಿಗೂ ಕಾಣುವ ಹಾಗೆ ಬರೆದಳು: ದೊಡ್ಡಮ್ಮ ನನ್ನ ಜೊತೆ ಇದ್ದಾರೆ. ಇಲ್ಲಿಗೆ ಬರಬೇಡ. ಗುಡ್ಡ ಹತ್ತು.

ಬರೆದ ಮೇಲೆ ಗಮನಕ್ಕೆ ಬಂತು. ಅವನನ್ನು ಮೊದಲ ಸಲ ಏಕವಚನದಲ್ಲಿ ಕರೆದಿದ್ದಳು.

"ದೊಡ್ಡಮ್ಮ, ನೀವು ಇಲ್ಲಿ ಕೂತಿದ್ರೆ ಅವನು ಸಾಯ್ತಾನೆ," ಎಂದಳು ಬಗ್ಗಿ ಒಳಗೆ ಬಂದು, ಕಣ್ಣೊರೆಸಿಕೊಳ್ಳದೆ.

ದೊಡ್ಡಮ್ಮ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ತೋಳು ಚಾಚಿದಳು. ಬಟ್ಟೆಯ ಗಂಟು ಸಾಗಿಸುವ ತಳ್ಳುಗಾಡಿಯಲ್ಲಿ ದೊಡ್ಡಮ್ಮನನ್ನು ಕೂರಿಸಿ, ಅವಳು ತಳ್ಳತೊಡಗಿದಳು. ಅರ್ಧ ದಾರಿಯಲ್ಲಿ ಅಂಗೈ ಸುಲಿಯಿತು. ಮುಕ್ಕಾಲು ದಾರಿಯಲ್ಲಿ ಗುರುತೇ ಇಲ್ಲದ ಇಬ್ಬರು ಹೆಂಗಸರು ಕೈ ಹಾಕಿದರು. ಶಾಲೆಯ ಗೇಟು ಮುಟ್ಟಿದಾಗ ಹಿಂದಿನಿಂದ ಏನೋ ಉರುಳಿದಂಥ ಸದ್ದು ಬಂತು. ತಿರುಗಿದರೆ, ಬೀದಿಗಳಿದ್ದ ಜಾಗದಲ್ಲಿ ಕಂದು ನೀರು. ಮೂರು ಗಂಟೆ ಹತ್ತು ನಿಮಿಷ.

ಅವನು ಬರಲಿಲ್ಲ.

ಕತ್ತಲಾಗುವವರೆಗೂ ಬರಲಿಲ್ಲ. ಪ್ರತಿ ದೋಣಿ ಬಂದಾಗಲೂ ಅವಳು ಗೇಟಿಗೆ ಓಡಿದಳು. ಪ್ರತಿ ಸಲವೂ ಬೇರೆ ಯಾರೋ ಇಳಿದರು, ಬೇರೆ ಯಾರೋ ಅತ್ತರು. ಬೆಳಗಾಯಿತು. ಸಿಗದವರ ಪಟ್ಟಿ ಬರೆಯುವವಳು ಅವನ ವಯಸ್ಸು ಕೇಳಿದಳು, ಅವಳಿಗೆ ಗೊತ್ತಿರಲಿಲ್ಲ. ಅವನು ನಿಮಗೇನಾಗಬೇಕು ಎಂದು ಕೇಳಿದಳು. ದೊಡ್ಡಮ್ಮನೇ ಹಿಂದಿನಿಂದ ಕೂಗಿ ಹೇಳಿದಳು, "ಮನೆಯವಳು ಅಂತ ಬರ್ಕೊಳಮ್ಮ!"

ಮಧ್ಯಾಹ್ನದ ದೋಣಿಯಿಂದ ಮೊದಲು ಇಳಿದವರು ಗಡಿಯಾರದ ತಾತ. ಅವರ ತೋಳು ಹಿಡಿದುಕೊಂಡು, ಮೈಯೆಲ್ಲ ಕೆಸರಾಗಿ, ಅವನು.

ಅವಳು ಗೇಟಿನ ಬಳಿಯೇ ನಿಂತಳು. ಅವನು ನೇರ ದೊಡ್ಡಮ್ಮನ ಬಳಿ ಹೋಗಿ ಅವಳ ಮಡಿಲಲ್ಲಿ ಮುಖ ಇಟ್ಟ. ಬಹಳ ಹೊತ್ತಾದ ಮೇಲೆ ಎದ್ದು ಬಂದು ಗೇಟಿನ ಬಳಿ ಅವಳೆದುರು ನಿಂತ.

"ಶಟರ್ ಮೇಲೆ ಬರೆದಿದ್ದು ನೀನಾ?"

"ಹೂಂ."

"ಓಣಿ ಜನದಲ್ಲಿ ಸಿಕ್ಕಿಕೊಂಡು ತಾತನ ಹತ್ರ ಹೋಗೋ ಹೊತ್ತಿಗೆ ಎದೆಮಟ್ಟ ನೀರಿತ್ತು. ದೊಡ್ಡಮ್ಮ ಒಳಗಿದ್ದಾರೆ ಅಂತ ಇಳಿದಿದ್ದೆ. ಅಕ್ಷರ ಕಂಡಿತು, ವಾಪಸ್ ತಾತನ ಮಹಡಿಗೆ ಹತ್ತಿದೆ." ಅವನು ಮುಖದ ಕೆಸರು ಒರೆಸಿಕೊಂಡ. "ಹನ್ನೊಂದು ಜನ ಹೋಗಿದ್ದಾರೆ. ನನ್ನ ಫಾರ್ಮ್‌ನಲ್ಲಿದ್ದವರು."

"ಆ ನಾಲ್ಕು ಗಂಟೆ ನಂದು. ನಾನೇ ಸಹಿ ಹಾಕಿದ್ದು," ಎಂದಳು ಅವಳು. ಹೇಳದೆ ಇನ್ನೊಂದು ಉಸಿರೂ ಎಳೆಯಲಾಗುತ್ತಿರಲಿಲ್ಲ. "ಇನ್ನೊಂದೂ ಹೇಳ್ಬೇಕು, ಈಗ ಹೇಳೋ ಮಾತಲ್ಲ, ಆದ್ರೂ ಹೇಳ್ತೀನಿ. ನಿನ್ನೆಯಿಂದ ಒಂದೊಂದು ದೋಣಿಗೂ ನಾನು ಒಂದೊಂದು ಸಲ ಸತ್ತಿದ್ದೀನಿ. ನೀನಂದ್ರೆ ನಂಗೆ ಜೀವ. ನೀನು ನನ್ನ ಮುಖ ನೋಡದಿದ್ರೂ ಪರವಾಗಿಲ್ಲ."

"ನೋಡೋಕೆ ಆಗ್ತಿಲ್ಲ," ಎಂದ ಅವನು. ಕಣ್ಣು ಮಾತ್ರ ಅವಳ ಮೇಲಿಂದ ಕದಲಿರಲಿಲ್ಲ. "ನೋಡದೇ ಇರೋಕೂ ಆಗ್ತಿಲ್ಲ. ನಾನೇನು ಮಾಡ್ಲಿ, ನೀನೇ ಹೇಳು."

ಅವಳ ಸುಲಿದ ಅಂಗೈಯನ್ನು ಅವನು ತನ್ನ ಕೆಸರುಗೈಯಲ್ಲಿ ಹಿಡಿದು ನೋಡಿ, ಬಿಟ್ಟು, ದೋಣಿಯ ಕಡೆಗೆ ನಡೆದ.

ಮೂರು ವಾರದ ನಂತರ ವಿಚಾರಣೆ ನಡೆಯಿತು. ಮ್ಯಾನೇಜರ್ ಪ್ರಕೃತಿ ವಿಕೋಪ ಎಂದರು. ಅವಳ ಸರದಿ ಬಂದಾಗ ಅವಳು ಎರಡೂ ಲೆಕ್ಕಗಳನ್ನು, ಮೂರೂ ಪತ್ರಗಳನ್ನು, 'ಸುಳ್ಳು' ಎಂಬ ಗುರುತಿದ್ದ ನೂರಾ ಹನ್ನೆರಡು ಫಾರ್ಮ್‌ಗಳನ್ನು ಮೇಜಿನ ಮೇಲಿಟ್ಟಳು. "ಏಳು ಗಂಟೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕಕ್ಕೆ ಸಹಿ ಹಾಕಿದೆ," ಎಂದಳು. ಸಭಾಂಗಣದಲ್ಲಿ ಯಾರೋ ಅವಳಿಗೆ ಶಾಪ ಹಾಕಿದರು. ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ಕೆಲಸ ಹೋಗಿತ್ತು. ಮುಂದೆ ಅವಳ ಮೇಲೆಯೇ ಕೇಸು ಬಂದರೂ ಬರಬಹುದು ಎಂದು ವಕೀಲರು ಹೇಳಿದರು.

ಹೊರಗಿನ ಮೆಟ್ಟಿಲ ಮೇಲೆ ಅವನು ಕೂತಿದ್ದ.

"ಒಳಗೆ ಹಿಂದಿನ ಸಾಲಲ್ಲಿದ್ದೆ," ಎಂದ. "ಎಲ್ಲಾ ಕೇಳಿಸ್ಕೊಂಡೆ."

ಅವಳು ಎರಡು ಮೆಟ್ಟಿಲು ಕೆಳಗೆ ಕೂತಳು.

"ಆವತ್ತು ಯಾರ್ಯಾರು ಎಲ್ಲೆಲ್ಲಿಗೆ ಓಡಿದ್ರು, ಎಲ್ಲಿ ಸಿಕ್ಕಿಹಾಕ್ಕೊಂಡ್ರು ಅಂತ ಬರ್ಕೊಳ್ತಿದ್ದೀನಿ. ಯಾರೂ ಹೇಳಿಲ್ಲ, ನಾನೇ ಶುರು ಮಾಡಿದ್ದು. ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಅದು." ಅವನು ಅವಳತ್ತ ತಿರುಗಿದ. "ಕೆಲವರು ನಿನ್ನ ಬೈತಾರೆ. ಕೆಲವರು ಬಾಗಿಲೇ ತೆಗೆಯಲ್ಲ."

"ಬರ್ತೀನಿ."

"ನನ್ನ ಕೋಪ ಪೂರ್ತಿ ಹೋಗಿಲ್ಲ, ಅದೂ ಹೇಳಿಬಿಡ್ತೀನಿ. ಯಾವಾಗ ಹೋಗುತ್ತೋ ಗೊತ್ತಿಲ್ಲ."

"ಇರ್ಲಿ. ಇಟ್ಕೊಂಡೇ ಬಾ."

ಅವನ ತುಟಿ ಅಂಚಿನಲ್ಲಿ ಏನೋ ಅಲುಗಿತು; ನಗುವೂ ಅಲ್ಲ, ಅಳುವೂ ಅಲ್ಲ. ಎರಡು ಮೆಟ್ಟಿಲು ಕೆಳಗಿಳಿದು ಅವಳ ಪಕ್ಕ ಕೂತು, ಭುಜಕ್ಕೆ ಭುಜ ತಾಗಿಸಿದ. "ಆ ನಲವತ್ತು ದಿನ ನೀನು ಬರೆದದ್ದನ್ನೆಲ್ಲ ಓದ್ತಿದ್ದೆ. ಉತ್ತರ ಟೈಪ್ ಮಾಡಿ ಮಾಡಿ ಅಳಿಸ್ತಿದ್ದೆ. ಒಂದನ್ನಾದ್ರೂ ಕಳಿಸ್ಬೇಕಿತ್ತು."

"ಏನಂತ ಇತ್ತು?"

"ಎಲ್ಲದರಲ್ಲೂ ಒಂದೇ," ಎಂದ ಅವನು, ಎದುರಿನ ಬೀದಿ ನೋಡುತ್ತ. "ನಿನ್ನ ಬಿಟ್ಟಿರೋಕಾಗ್ತಿಲ್ಲ ಅಂತ."

ಅವಳು ಅವನ ಭುಜಕ್ಕೆ ಹಣೆ ಒತ್ತಿ, ಅಷ್ಟೂ ದಿನದ ಅಳುವನ್ನು ಅಲ್ಲೇ ಅತ್ತಳು. ಅವನು ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಅವರು ಮೊದಲು ಹೋದ ಮನೆಯ ಗೋಡೆಯಲ್ಲಿ ನೀರಿನ ಗೆರೆ ಕಿಟಕಿಯವರೆಗೂ ಇತ್ತು. ತಂಗಿಯನ್ನು ಹುಡುಕಲು ಇಳಿದ ಅಣ್ಣ ಮರಳಿ ಬಾರದ ಮನೆ. ತಂಗಿ ಬದುಕಿದ್ದಳು, ಒಳಗಿದ್ದಳು.

"ನೀನು ಆಚೆ ನಿಂತಿರು, ಮೊದಲು ನಾನು ಮಾತಾಡ್ತೀನಿ," ಎಂದ ಅವನು.

"ಬೇಡ," ಎಂದು ಅವಳೇ ಮುಂದೆ ಹೋಗಿ ಬಾಗಿಲು ತಟ್ಟಿದಳು. ತಟ್ಟಿದ ಕೈಯನ್ನು ಅವನು ಹಿಡಿದುಕೊಂಡ. ಒಳಗಿನಿಂದ ಹೆಜ್ಜೆ ಹತ್ತಿರವಾಯಿತು, ಚಿಲಕ ಸರಿಯಿತು, ಬಾಗಿಲು ತೆರೆಯಿತು. ಅವನು ಕೈ ಬಿಡಲಿಲ್ಲ.